ಸಿರಿಲಿಕ್ ಸಂಕೇತ ಬಾವುಟಗಳು

ಸಿರಿಲಿಕ್ ಲಿಪಿಯ ಒಂದೊಂದು ಅಕ್ಷರಕ್ಕೂ ಒಂದೊಂದರಂತೆ ಗೊತ್ತುಮಾಡಿದ, ಯುದ್ಧನೌಕೆಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸಲು ಹಗ್ಗಕ್ಕೆ ಕಟ್ಟಿ ಏರಿಸುವ ಬಣ್ಣದ ಬಾವುಟಗಳು. ರಷ್ಯಾದ ತ್ಸಾರ್ ದೊರೆಗಳ ನೌಕಾಪಡೆಯಲ್ಲಿ ಬೆಳೆದ ಈ ಪದ್ಧತಿ ಸೋವಿಯತ್ ಕಾಲದಲ್ಲಿ ಖಚಿತ ರೂಪ ಪಡೆಯಿತು. ಇಂದಿನ ರಷ್ಯಾ ನೌಕಾಪಡೆಯಲ್ಲೂ ಅದು ಬಳಕೆಯಲ್ಲಿದೆ. ಕನ್ನಡ ನೆಲಕ್ಕೆ ಇದರ ನಂಟು ಇರುವುದು ಮುಖ್ಯವಾಗಿ ಕಾರವಾರದಲ್ಲಿ: ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಒಂದು ಹಡಗು ಅಲ್ಲಿನ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಂತಿದೆ, ಇನ್ನೊಂದು ಅಲ್ಲಿನ ನೌಕಾನೆಲೆಯನ್ನು ತವರಾಗಿಸಿಕೊಂಡಿದೆ.

ಸೋವಿಯತ್ ನೌಕಾಪಡೆಯ ಸಂಕೇತ ಸಂಹಿತೆಯಲ್ಲಿ ಅಕ್ಷರಗಳಿಗೆ 32, ಅಂಕಿಗಳಿಗೆ 10, ಪೂರಕಗಳಾಗಿ 4 ಬಾವುಟಗಳಿವೆ. ಇವಲ್ಲದೆ ಕೆಲವು ವಿಶೇಷ ಬಾವುಟಗಳೂ ಇವೆ. ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿದ್ದರೂ 'ಯೊ' ಎಂಬುದಕ್ಕೆ ಪ್ರತ್ಯೇಕ ಬಾವುಟ ಇಲ್ಲ. ಬರವಣಿಗೆಯಲ್ಲೂ ರಷ್ಯನ್ನರು ಅದರ ಮೇಲಿನ ಎರಡು ಚುಕ್ಕಿ ಬಿಟ್ಟು 'ಯೆ' ಎಂದೇ ಬರೆಯುವುದು ಸಾಮಾನ್ಯ.

ಬಾವುಟಗಳನ್ನು ಕರೆಯುವ ಹೆಸರುಗಳು ಬಲು ಹಳೆಯವು. ಶಾಲೆಯಲ್ಲಿ ಮಕ್ಕಳು 'ಆ, ಬೆ, ವೆ' ಎಂದು ಕಲಿತರೆ, ನಾವಿಕರು 'ಆಜ್, ಬೂಕಿ, ವೇದಿ, ಗ್ಲಗೋಲ್, ದಬ್ರೋ' ಎನ್ನುತ್ತಾರೆ. ಇವು ಚರ್ಚಿನ ಹಳೆಯ ಸ್ಲಾವಿಕ್ ಭಾಷೆಯಲ್ಲಿ ಅಕ್ಷರಗಳಿಗಿದ್ದ ಹೆಸರುಗಳು. ಪಾಠಶಾಲೆಗಳು ಕೈಬಿಟ್ಟಿದ್ದನ್ನು ನೌಕಾಪಡೆ ಉಳಿಸಿಕೊಳ್ಳಲು ಕಾರಣ ಸಂಪ್ರದಾಯದ ಮೇಲಿನ ಮಮತೆಯೊಂದೇ ಅಲ್ಲ. ಗಾಳಿ, ಯಂತ್ರ, ಅಲೆಗಳ ಸದ್ದಿನ ನಡುವೆ 'ಬೆ' ಮತ್ತು 'ವೆ' ಒಂದೇ ಥರ ಕೇಳಿಸುತ್ತವೆ. 'ಬೂಕಿ', 'ವೇದಿ' ಹಾಗಲ್ಲ. ಉಳಿದ ದೇಶಗಳ ನಾವಿಕರು 'ಆಲ್ಫಾ, ಬ್ರಾವೊ, ಚಾರ್ಲಿ' ಎನ್ನುವುದೂ ಇದೇ ಕಾರಣಕ್ಕೆ.

ಒಂಟಿಯಾಗಿ ಏರಿದ ಬಾವುಟ ಅಕ್ಷರವಾಗಿ ಉಳಿಯುವುದಿಲ್ಲ, ಪೂರ್ತಿ ಆಜ್ಞೆಯೋ ಉತ್ತರವೋ ಆಗುತ್ತದೆ. 'ಆಜ್' ಏರಿದರೆ ಇಲ್ಲ, ಒಪ್ಪಿಗೆಯಿಲ್ಲ ಎಂದರ್ಥ. 'ದಬ್ರೋ' ಏರಿದರೆ ಹೌದು, ಅನುಮತಿ ಇದೆ. ಅಪ್ಪಣೆ ಕೊಡುವುದಕ್ಕೆ ರಷ್ಯನ್ ಆಡುಮಾತಿನಲ್ಲಿ 'ದಬ್ರೋ ಕೊಟ್ಟರು' ಎನ್ನುವುದು ಈ ಬಾವುಟದಿಂದಲೇ ಬಂದದ್ದು. 'ವೇದಿ' ಕಂಡರೆ ನೀವು ಹಿಡಿದ ದಾರಿ ಅಪಾಯದತ್ತ ಸಾಗುತ್ತಿದೆ ಎಂಬ ಎಚ್ಚರಿಕೆ. ಬಂದರಿನಲ್ಲಿ 'ರ್ತ್ಸಿ' ಹಾರಿಸಿದ ಹಡಗು ಆ ಹೊತ್ತಿನ ಕಾವಲಿನ ಹಡಗು. ಎರಡು ಮೂರು ಬಾವುಟಗಳನ್ನು ಒಟ್ಟಿಗೆ ಕಟ್ಟಿದರೆ ಸಂಹಿತೆಯ ಪುಸ್ತಕ ತೆರೆದು ನೋಡಬೇಕು. ಅಕ್ಷರ ಅಕ್ಷರವಾಗಿ ಓದುವ ಪ್ರಸಂಗ ಬರುವುದು ಹೆಸರುಗಳಿಗೆ ಮತ್ತು ಪುಸ್ತಕದಲ್ಲಿ ಇಲ್ಲದ ಮಾತುಗಳಿಗೆ ಮಾತ್ರ.

ಓದುವುದು ಮೇಲಿನಿಂದ ಕೆಳಕ್ಕೆ. ಬಹುತೇಕ ನೌಕಾಪಡೆಗಳಲ್ಲಿ ಆಜ್ಞೆಯ ಬಾವುಟ ಏರಿದಾಗ ಅದು ಸಿದ್ಧರಾಗಿ ಎಂಬ ಸೂಚನೆ, ಸರ್ರನೆ ಕೆಳಗಿಳಿದ ಕ್ಷಣವೇ ಕಾರ್ಯಗತ ಮಾಡುವ ಕ್ಷಣ. ಹತ್ತು ಹಡಗುಗಳು ಒಟ್ಟಿಗೆ ದಿಕ್ಕು ಬದಲಿಸಬೇಕಾದಾಗ ಈ ಪದ್ಧತಿಯ ಬೆಲೆ ತಿಳಿಯುತ್ತದೆ. ಎಲ್ಲರೂ ಸಂದೇಶ ಓದಿ ಉತ್ತರಿಸುವವರೆಗೆ ನಾಯಕನ ಹಡಗು ಕಾಯುತ್ತದೆ, ಆಮೇಲೆ ಒಂದೇ ಸಲ ಹಗ್ಗ ಸಡಿಲಿಸುತ್ತದೆ.

ವ್ಯಾಪಾರದ ಹಡಗುಗಳ ಲೋಕ ಬೇರೆ. ಅಲ್ಲಿ ನಡೆಯುವುದು ಅಂತರರಾಷ್ಟ್ರೀಯ ಸಂಕೇತ ಸಂಹಿತೆ. 1857ರಲ್ಲಿ ಬ್ರಿಟನ್ನಿನ ವಾಣಿಜ್ಯ ಮಂಡಳಿ 18 ಬಾವುಟಗಳೊಂದಿಗೆ ಹೊರತಂದ ಪುಸ್ತಕ ಅದರ ಮೂಲ. ಈಗಿನ ರೂಪ 1965ರಲ್ಲಿ ಅಂಗೀಕಾರವಾಗಿ 1969ರಲ್ಲಿ ಜಾರಿಗೆ ಬಂತು. ರೋಮನ್ ಲಿಪಿಯ 26 ಅಕ್ಷರಗಳಿಗೆ 26 ಬಾವುಟಗಳು, ಜೊತೆಗೆ ಅಂಕಿಗಳ 10 ಪತಾಕೆಗಳು, ಮೂರು ಪೂರಕಗಳು, ಒಂದು ಉತ್ತರ ಪತಾಕೆ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ತೈಲದ ಹಡಗು ಹಗಲು ಸರಕು ಇಳಿಸುವಾಗ ಹಾರುವ ಕೆಂಪು ಬಾವುಟ ಇದೇ ಸಂಹಿತೆಯ 'ಬಿ': ಅಪಾಯಕಾರಿ ಸರಕು ಇದೆ ಎಂಬ ಸೂಚನೆ. ಕೆಂಪು, ನೀಲಿ, ಹಳದಿ, ಕಪ್ಪು, ಬಿಳಿ ಬಿಟ್ಟರೆ ಈ ಬಾವುಟಗಳಲ್ಲಿ ಬೇರೆ ಬಣ್ಣ ಇಲ್ಲ. ದೂರದಿಂದ, ಮಬ್ಬು ಬೆಳಕಿನಲ್ಲಿ ಒಂದರಿಂದ ಒಂದು ಬೇರೆಯಾಗಿ ಕಾಣುವ ಬಣ್ಣಗಳು ಇವೇ.

ರಷ್ಯನ್ ನಾವಿಕರು ಈ ಅಂತರರಾಷ್ಟ್ರೀಯ ಗುಂಪನ್ನು ತಮ್ಮ ಲಿಪಿಗೆ ಹೊಂದಿಸಿಕೊಳ್ಳಲು ಮೋರ್ಸ್ ಸಂಕೇತವನ್ನು ಆಧಾರವಾಗಿ ಹಿಡಿಯುತ್ತಾರೆ. ಒಂದೇ ಚುಕ್ಕಿ-ಗೆರೆ ಇರುವ ರೋಮನ್ ಮತ್ತು ಸಿರಿಲಿಕ್ ಅಕ್ಷರಗಳು ಜೋಡಿ. ಹೀಗಾಗಿ ರಷ್ಯನ್ 'ವೆ'ಗೆ ರೋಮನ್ 'ಡಬ್ಲ್ಯು', 'ಝೆ'ಗೆ 'ವಿ', 'ಹಾ'ಗೆ 'ಎಚ್', 'ತ್ಸೆ'ಗೆ 'ಸಿ', 'ಶ್ಚಾ'ಗೆ 'ಕ್ಯೂ'. ಇಪ್ಪತ್ತಾರಕ್ಕೆ ಇಪ್ಪತ್ತಾರು ಹೀಗೆ ಕೂಡಿದ ಮೇಲೆ 'ಚೆ, ಶಾ, ಎ, ಯು, ಯಾ' ಮತ್ತು ಕಠಿಣ ಚಿಹ್ನೆ ಜೋಡಿಯಿಲ್ಲದೆ ಉಳಿಯುತ್ತವೆ. ಸ್ವಂತ ಬಾವುಟಗಳ ಗುಂಪು ಇಲ್ಲದೆ ರಷ್ಯನ್ ಭಾಷೆಯನ್ನು ಪೂರ್ತಿಯಾಗಿ ಬರೆಯಲು ಆಗದು.

ಕಾರವಾರದ ಹೆಸರನ್ನೇ ಬಾವುಟಗಳಲ್ಲಿ ಬರೆದು ನೋಡಬಹುದು. ರೋಮನ್ ಲಿಪಿಯಲ್ಲಿ ಅದು ಆರು ಅಕ್ಷರ: ಕೆ, ಎ, ಆರ್, ಡಬ್ಲ್ಯು, ಎ, ಆರ್. ಅರ್ಧ ಹಳದಿ ಅರ್ಧ ನೀಲಿಯ 'ಕೆ', ಬಿಳಿ-ನೀಲಿಯ ಸೀಳುಬಾಲದ 'ಎ', ಕೆಂಪಿನ ಮೇಲೆ ಹಳದಿ ಶಿಲುಬೆಯ 'ಆರ್', ನೀಲಿ ಅಂಚಿನ ಬಿಳಿ ಚೌಕದೊಳಗೆ ಕೆಂಪು ಇರುವ 'ಡಬ್ಲ್ಯು' ಏರಿದವು. ಮುಂದೆ ಮತ್ತೆ 'ಎ' ಬೇಕು. ಆದರೆ ಒಂದು ಕಟ್ಟು ಬಾವುಟದಲ್ಲಿ 'ಎ' ಇರುವುದು ಒಂದೇ. ಇಲ್ಲಿಯೇ ಪೂರಕ ಪತಾಕೆಯ ಕೆಲಸ. ಐದನೆಯ ಸ್ಥಾನದಲ್ಲಿ ಎರಡನೆಯ ಪೂರಕ ಕಟ್ಟಿದರೆ ಮೇಲಿನಿಂದ ಎರಡನೆಯ ಬಾವುಟವನ್ನು ಮತ್ತೊಮ್ಮೆ ಓದಿಕೊಳ್ಳಿ ಎಂದರ್ಥ. ಆರನೆಯದರಲ್ಲಿ ಮೂರನೆಯ ಪೂರಕ ಕಟ್ಟಿದರೆ ಮೂರನೆಯದನ್ನು. ರಷ್ಯನ್ನರು ಈ ಊರನ್ನು 'ಕರ್ವರ್' ಎಂದು ಬರೆಯುವಾಗಲೂ ಆರೇ ಅಕ್ಷರ, ಅದೇ ಕ್ರಮ. ಮೋರ್ಸ್‌ನಲ್ಲಿ ಬಡಿದರೆ ಎರಡೂ ಲಿಪಿಗಳ ಚುಕ್ಕಿ-ಗೆರೆ ಒಂದಿಷ್ಟೂ ವ್ಯತ್ಯಾಸವಿಲ್ಲದೆ ಒಂದೇ. ಬಾವುಟಗಳಲ್ಲಿ ಮಾತ್ರ, ಸಿರಿಲಿಕ್ ಕಟ್ಟು ಹಾರಿಸಿದ ಸೋವಿಯತ್ ಯುದ್ಧನೌಕೆಯನ್ನು ಅಂತರರಾಷ್ಟ್ರೀಯ ಸಂಹಿತೆಯಷ್ಟೇ ಬಲ್ಲ ನಾವಿಕ ಓದಲಾರ.

ಕನ್ನಡ ಲಿಪಿಗೆ ಇಂಥ ಬಾವುಟಗಳನ್ನು ಹೊಂದಿಸುವುದಾದರೆ ಕಾಗುಣಿತದ ಗುರುತುಗಳಿಗೂ ಬೇರೆ ಬಾವುಟ ಬೇಕಾಗುತ್ತದೆ. ಕಾರವಾರ ಎಂಬಲ್ಲಿ ಕ, ದೀರ್ಘ, ರ, ವ, ದೀರ್ಘ, ರ ಎಂದು ಬಿಡಿಸಿದರೆ ಇಲ್ಲೂ ಆರು. ಇಲ್ಲೂ ಎರಡನೆಯದು, ಮೂರನೆಯದು ಮರುಕಳಿಸುತ್ತವೆ. 'ರಾಷ್ಟ್ರ' ಎಂದು ಬರೆಯಹೊರಟರೆ ಒತ್ತಕ್ಷರಗಳಿಗೆ ಏನು ಮಾಡುವುದೆಂದು ನಿಂತು ಯೋಚಿಸಬೇಕಾಗುತ್ತದೆ. ಭಾರತೀಯ ನೌಕಾಪಡೆಯ ಬಾವುಟಗಳು ರೋಮನ್ ಅಕ್ಷರಗಳವೇ.

ರಷ್ಯಾದಲ್ಲಿ ಬಾವುಟ ಸಂಕೇತಗಳಿಗೆ ಕಟ್ಟುಪಾಡು ಹಾಕಿದವನು ಮೊದಲನೆಯ ಪೀಟರ್. ಹಳೆಯ ಸಿರಿಲಿಕ್ ಅಚ್ಚುಮೊಳೆಗಳನ್ನು 1708ರಿಂದ 1710ರೊಳಗೆ ಸರಳಗೊಳಿಸಿ ಇಂದಿನ ರಷ್ಯನ್ ಅಕ್ಷರರೂಪಕ್ಕೆ ಅಡಿಪಾಯ ಹಾಕಿದ ಅದೇ ದೊರೆ, 1720ರ ನೌಕಾ ಶಾಸನದಲ್ಲಿ ಹಡಗುಗಳ ಸಂಕೇತಗಳನ್ನೂ ಸೇರಿಸಿದ. ಆಗಿನ ಬಾವುಟಗಳು ಅಕ್ಷರಗಳಲ್ಲ, ಇಡಿಯ ಆಜ್ಞೆಗಳು. ಅಕ್ಷರಕ್ಕೊಂದು ಬಾವುಟ ಎಂಬುದು ನಂತರದ ಬೆಳವಣಿಗೆ. 1895ರಲ್ಲಿ ಅಡ್ಮಿರಲ್ ಸ್ತೆಪಾನ್ ಮಕಾರೊವ್ ಕೈಬಾವುಟಗಳ ರಷ್ಯನ್ ವರ್ಣಮಾಲೆ ರೂಪಿಸಿದ. ನಾವಿಕನೊಬ್ಬ ಎರಡು ಕೈಗಳಲ್ಲಿ ಎರಡು ಪುಟ್ಟ ಬಾವುಟ ಹಿಡಿದು, ತೋಳುಗಳ ಭಂಗಿಯಿಂದಲೇ ಅಕ್ಷರ ತೋರಿಸುವ ಪದ್ಧತಿ ಅದು. ಅಕ್ಷರಗಳಿಗೆ 29 ಭಂಗಿಗಳು. ಅಂಕಿಗಳಿಗೆ ಭಂಗಿಯಿಲ್ಲ, ಅವನ್ನು ಅಕ್ಷರಗಳಲ್ಲೇ ಬರೆಯಬೇಕು. ಮಕಾರೊವ್ 1904ರಲ್ಲಿ ಪೋರ್ಟ್ ಆರ್ಥರ್ ಬಳಿ ತನ್ನ ಹಡಗು ಸಿಡಿಗುಂಡಿಗೆ ತಾಗಿ ಮುಳುಗಿದಾಗ ಮಡಿದ.

ಮರುವರ್ಷ ತ್ಸುಶಿಮಾ ಕದನದಲ್ಲಿ ಜಪಾನಿಗೆ ಸೋತ ರಷ್ಯನ್ ನೌಕಾದಳದ ಉಳಿದ ಹಡಗುಗಳನ್ನು ಅಡ್ಮಿರಲ್ ನೆಬೊಗಾತೊವ್ ಒಪ್ಪಿಸಬೇಕಾಯಿತು. ಸಿರಿಲಿಕ್ ಬಾವುಟ ಏರಿಸಿ ಫಲವಿಲ್ಲ, ಶತ್ರುವಿಗೆ ಅದು ಅರ್ಥವಾಗದು. 1905ರ ಮೇ 28ರಂದು ಆತ ಅಂತರರಾಷ್ಟ್ರೀಯ ಸಂಹಿತೆಯ ಎಕ್ಸ್, ಜಿ, ಇ ಬಾವುಟಗಳನ್ನು ಏರಿಸಿ ಶರಣಾಗತಿ ಸೂಚಿಸಿದ. ಆದರೂ ಜಪಾನಿ ತೋಪುಗಳು ಕೂಡಲೇ ನಿಲ್ಲಲಿಲ್ಲ. ಕೊನೆಗೆ ಜಪಾನಿನ ಬಾವುಟವನ್ನೇ ಏರಿಸಿ, ಯಂತ್ರಗಳನ್ನು ನಿಲ್ಲಿಸಿದ ಮೇಲೆ ಗುಂಡಿನ ಮಳೆ ನಿಂತಿತು.

ಅದೇ ವರ್ಷದ ನವೆಂಬರಿನಲ್ಲಿ ಸೆವಾಸ್ತೊಪೋಲಿನಲ್ಲಿ ನಾವಿಕರು ದಂಗೆಯೆದ್ದರು. ದಂಗೆಯ ನಾಯಕ ಲೆಫ್ಟಿನೆಂಟ್ ಶ್ಮಿತ್ 'ಒಚಾಕೊವ್' ಯುದ್ಧನೌಕೆಯ ಮೇಲೆ ಏರಿಸಿದ ಸಂಕೇತ, ನೌಕಾಪಡೆಯ ಆಜ್ಞಾಧಿಕಾರ ಈಗ ತನ್ನದು ಎಂದು ಸಾರಿತು. ದಂಗೆ ಅಡಗಿತು, ಶ್ಮಿತ್‌ನನ್ನು 1906ರ ಮಾರ್ಚ್‌ನಲ್ಲಿ ಗುಂಡಿಟ್ಟು ಕೊಂದರು. ಇನ್ನೊಂದು ಸಂಕೇತ 1918ರ ಜೂನ್ 18ರದು. ಜರ್ಮನರ ಕೈಗೆ ಸಿಗಬಾರದೆಂದು ಕಪ್ಪುಸಮುದ್ರದ ಹಡಗುಗಳನ್ನು ಅವುಗಳ ನಾವಿಕರೇ ನೊವೊರೊಸಿಸ್ಕ್ ಬಳಿ ಮುಳುಗಿಸಿದರು. ಸಾಯುತ್ತೇನೆ, ಶರಣಾಗೆನು ಎಂಬ ಬಾವುಟಗಳನ್ನು ಹಾರಿಸಿಕೊಂಡೇ ಅವು ತಳ ಸೇರಿದವು. ಕಟ್ಟಿ ಬೆಳೆಸಿದ ಹಡಗನ್ನು ತಾವೇ ಮುಳುಗಿಸಬೇಕಾದವರ ಸಂಕಟವನ್ನು ಆ ಒಂದು ಸಾಲಿನ ಸಂಕೇತ ಹೇಳುವಷ್ಟು ಬೇರಾವ ದಾಖಲೆಯೂ ಹೇಳಲಾರದು.

ರೇಡಿಯೊ, ಉಪಗ್ರಹಗಳು ಬಂದ ಮೇಲೂ ಬಾವುಟಗಳು ಹೋಗಿಲ್ಲ. ರೇಡಿಯೊ ಬಳಸಿದ ಹಡಗಿನ ಜಾಗ ಶತ್ರುವಿಗೆ ಪತ್ತೆಯಾಗಬಹುದು. ಬಟ್ಟೆಯ ತುಂಡು ಅಂಥ ಸುಳಿವು ಕೊಡುವುದಿಲ್ಲ. ಹಬ್ಬದ ದಿನಗಳಲ್ಲಿ ಮೂತಿಯಿಂದ ಹಿಂಭಾಗದವರೆಗೆ ಹಡಗಿಗೆ ತೋರಣ ಕಟ್ಟುವುದೂ ಈ ಸಂಕೇತ ಬಾವುಟಗಳಿಂದಲೇ. ರಷ್ಯಾದಲ್ಲಿ ಜುಲೈ ತಿಂಗಳ ಕೊನೆಯ ಭಾನುವಾರ, ಅಂದರೆ ನೌಕಾದಿನದಂದು, ಈ ತೋರಣ ಕಾಣುತ್ತದೆ.

ಭಾರತಕ್ಕೆ ಸೋವಿಯತ್ ಹಡಗುಗಳು ಬರತೊಡಗಿದ್ದು 1960ರ ದಶಕದ ಕೊನೆಯಲ್ಲಿ. 1967ರ ಡಿಸೆಂಬರ್ 8ರಂದು ಮೊದಲ ಜಲಾಂತರ್ಗಾಮಿ 'ಕಲ್ವರಿ' ರೀಗಾದಲ್ಲಿ ಭಾರತೀಯ ನೌಕಾಪಡೆ ಸೇರಿತು. 1971ರಲ್ಲಿ ಎಂಟು ಕ್ಷಿಪಣಿ ದೋಣಿಗಳು ಬಂದವು. ಅವುಗಳ ನಾವಿಕರು ವ್ಲಾದಿವಸ್ತೋಕ್‌ನಲ್ಲಿ ರಷ್ಯನ್ ಕಲಿತು, ರಷ್ಯನ್ ಭಾಷೆಯಲ್ಲೇ ತರಬೇತಿ ಪಡೆದಿದ್ದರು. ಆ ವರ್ಷದ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ 'ನಿಪಾತ್', 'ನಿರ್ಘಾತ್', 'ವೀರ್' ಈ ದೋಣಿಗಳೇ. ದಾಳಿಯ ವೇಳೆ ರೇಡಿಯೊದಲ್ಲಿ ರಷ್ಯನ್ ಮಾತಾಡಿ ಕದ್ದುಕೇಳುವವರನ್ನು ಗೊಂದಲಕ್ಕೆ ಕೆಡವಿದ ಸಂಗತಿ ನೌಕಾಪಡೆಯವರ ನೆನಪುಗಳಲ್ಲಿ ಬರುತ್ತದೆ. ಆ ದಾಳಿಯ ಗೌರವಾರ್ಥ ಡಿಸೆಂಬರ್ 4 ಭಾರತದ ನೌಕಾದಿನವಾಗಿದೆ.

     

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ 'ಚಪಲ್' ಕರಾಚಿಯ ದೋಣಿಗಳ ಮುಂದಿನ ತಲೆಮಾರಿನದು. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಈ ಕ್ಷಿಪಣಿ ದೋಣಿ 1976ರಲ್ಲಿ ನೌಕಾಪಡೆ ಸೇರಿ, 2005ರಲ್ಲಿ ನಿವೃತ್ತಿಯಾಗಿ, 2006ರಿಂದ ಸಂಗ್ರಹಾಲಯವಾಗಿದೆ. ಉದ್ದ ನಲವತ್ತು ಮೀಟರಿಗಿಂತ ಕಡಿಮೆ. ಇಕ್ಕೆಲಗಳಲ್ಲಿ ನಾಲ್ಕು ಕ್ಷಿಪಣಿ ಗೂಡುಗಳಿದ್ದು, ನಡುವೆ ಉಳಿದ ಕಿರಿದಾದ ಓಣಿಯಲ್ಲೇ ನಾವಿಕರ ಬದುಕು ಸಾಗಬೇಕಿತ್ತು. ಬಾವುಟ ಸಂಕೇತ ತಿಳಿಯಬೇಕೆನ್ನುವವರು ಪುಸ್ತಕಕ್ಕಿಂತ ಮೊದಲು ಇಲ್ಲಿಗೆ ಬರುವುದು ಒಳ್ಳೆಯದು. ಇಷ್ಟು ತಗ್ಗಿನ ಹಡಗಿನಿಂದ ಅಲೆಗಳ ಮೇಲೆ ಎತ್ತರಕ್ಕೆ ಕಾಣುವಂತೆ ಬಟ್ಟೆ ಏರಿಸುವುದು ಎಷ್ಟು ಕಷ್ಟ ಎಂಬುದು ಅದರ ಅಟ್ಟದ ಮೇಲೆ ನಿಂತಾಗ ತಿಳಿಯುತ್ತದೆ.

ಊರಿನ ದಕ್ಷಿಣಕ್ಕೆ, ಬನವಾಸಿಯ ಅರಸು ಮನೆತನದ ಹೆಸರು ಹೊತ್ತ ಐಎನ್‌ಎಸ್ ಕದಂಬ ನೌಕಾನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಇಲ್ಲಿ ತಂಗುವ ವಿಮಾನವಾಹಕ 'ವಿಕ್ರಮಾದಿತ್ಯ' ಉಕ್ರೇನಿನ ನಿಕೊಲಾಯೆವ್‌ನಲ್ಲಿ ಹುಟ್ಟಿ, 1987ರಲ್ಲಿ 'ಬಾಕು' ಎಂಬ ಹೆಸರಿನಲ್ಲಿ ಸೋವಿಯತ್ ನೌಕಾಪಡೆ ಸೇರಿದ ಹಡಗು. ಆಮೇಲೆ 'ಅಡ್ಮಿರಲ್ ಗೋರ್ಷ್ಕೊವ್' ಎಂದಾಯಿತು. ಆ ವರ್ಷಗಳಲ್ಲಿ ಅದರ ಮಾತು 'ಆಜ್, ಬೂಕಿ, ವೇದಿ'ಗಳಲ್ಲೇ ನಡೆದದ್ದು. 2004ರಲ್ಲಿ ಒಪ್ಪಂದವಾಗಿ, ಸೆವೆರೊದ್ವಿನ್ಸ್ಕ್‌ನಲ್ಲಿ ವರ್ಷಗಟ್ಟಲೆ ಮರುನಿರ್ಮಾಣ ನಡೆದು, 2013ರ ನವೆಂಬರ್ 16ರಂದು ಅಲ್ಲಿಯೇ ರಷ್ಯಾದ ಧ್ವಜ ಇಳಿದು ಭಾರತೀಯ ನೌಕಾಧ್ವಜ ಏರಿತು. 284 ಮೀಟರ್ ಉದ್ದದ ಈ ಹಡಗು 2014ರ ಜನವರಿಯಲ್ಲಿ ಕಾರವಾರ ತಲುಪಿತು. ಅಲ್ಲಿಂದ ಮುಂದೆ ಅದು ಏರಿಸುವ ಸಂಕೇತಗಳೆಲ್ಲ ರೋಮನ್ ಅಕ್ಷರಗಳವು.