ಶಾಸನ ದತ್ತಾಂಶದಲ್ಲಿ ಪ್ರಾಕ್ಸಿ ಆಬ್ಜೆಕ್ಟ್: ಬೇಲೂರು, ಹಳೇಬೀಡು, ಅರಸೀಕೆರೆ ಶಾಸನಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಪ್ರಶ್ನೆ

ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 5ನೆಯ ಸಂಪುಟ ಹಾಸನ ಜಿಲ್ಲೆಯದು. ಅದರಲ್ಲಿ ಬೇಲೂರು, ಅರಸೀಕೆರೆ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ. ಹಳೇಬೀಡು ಬೇಲೂರು ತಾಲ್ಲೂಕಿನೊಳಗೇ ಬರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರಿಗೆ 9ನೆಯ ಸಂಪುಟ, ಅರಸೀಕೆರೆಗೆ 10ನೆಯದು. ಹೀಗಾಗಿ ಒಂದೇ ಕಲ್ಲನ್ನು ಎರಡು ಆವೃತ್ತಿಗಳಲ್ಲಿ ಎರಡು ಗುರುತುಗಳಿಂದ ಹುಡುಕಬೇಕಾಗುತ್ತದೆ, ಓದೂ ಅಲ್ಲಲ್ಲಿ ಬೇರೆಯಾಗಬಹುದು.

ಇವನ್ನು ಗಣಕಕ್ಕೆ ಏರಿಸುವಾಗ ಎರಡು ಅಗತ್ಯಗಳು ಎದುರಾಗುತ್ತವೆ. ಪಟ್ಟಿ ತೆರೆದ ಕೂಡಲೇ ಎಲ್ಲ ಪಾಠ, ಅನುವಾದ, ಛಾಯಾಚಿತ್ರಗಳು ಮೆಮೊರಿಗೆ ಬರಬಾರದು. ಬಂದ ಪಾಠವನ್ನು ಯಾವ ಪ್ರೋಗ್ರಾಮೂ ಗೊತ್ತಿಲ್ಲದೆಯೂ ತಿದ್ದುವಂತಿರಬಾರದು. ಜಾವಾಸ್ಕ್ರಿಪ್ಟ್‌ನ ಪ್ರಾಕ್ಸಿ ಈ ಎರಡನ್ನೂ ಒಟ್ಟಿಗೆ ನಿಭಾಯಿಸಬಲ್ಲುದೇ ಎಂಬುದು ಇಲ್ಲಿನ ಪ್ರಶ್ನೆ.

ಪ್ರಾಕ್ಸಿಯ ಕೆಲಸ

ಬೇಲೂರಿನ ತೇರಿನ ದಿನ ಬೀದಿಗೆ ಬರುವುದು ಉತ್ಸವಮೂರ್ತಿ. ಮೂಲಮೂರ್ತಿ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಪ್ರಾಕ್ಸಿಯೂ ಹಾಗೆ ಮೂಲ ಆಬ್ಜೆಕ್ಟಿನ ಪರವಾಗಿ ಎದುರು ನಿಲ್ಲುತ್ತದೆ. ಟಾಮ್ ವಾನ್ ಕಟ್ಸೆಮ್ ಮತ್ತು ಮಾರ್ಕ್ ಮಿಲ್ಲರ್ 2010ರಲ್ಲಿ ಮಂಡಿಸಿದ ವಿನ್ಯಾಸ ಇಎಸ್ 2015ರಲ್ಲಿ ಭಾಷೆಯ ಭಾಗವಾಯಿತು. ಗುಣವೊಂದನ್ನು ಓದಿದರೆ ‘ಗೆಟ್’, ಬರೆದರೆ ‘ಸೆಟ್’, ಇದೆಯೇ ಎಂದು ಕೇಳಿದರೆ ‘ಹ್ಯಾಸ್’ ಎಂಬ ಟ್ರ್ಯಾಪ್ ಮೊದಲು ಓಡುತ್ತದೆ. ಏನು ಉತ್ತರಿಸಬೇಕೆಂಬುದನ್ನು ನಮ್ಮ ಕೋಡ್ ತೀರ್ಮಾನಿಸುತ್ತದೆ.

ಆದರೆ ಈ ಸ್ವಾತಂತ್ರ್ಯಕ್ಕೆ ಮಿತಿಯಿದೆ. ಮೂಲದಲ್ಲಿ ಒಂದು ಗುಣವನ್ನು ಬದಲಿಸಲಾಗದಂತೆ, ಮರುವ್ಯಾಖ್ಯಾನಿಸಲಾಗದಂತೆ ಬಿಗಿದಿದ್ದರೆ, ಗೆಟ್ ಟ್ರ್ಯಾಪ್ ಅದೇ ಬೆಲೆಯನ್ನೇ ಕೊಡಬೇಕು. ಬೇರೆ ಏನನ್ನು ಕೊಟ್ಟರೂ ಭಾಷೆಯೇ ಟೈಪ್‌ಎರರ್ ಎಸೆಯುತ್ತದೆ. ಶಾಸನ ದತ್ತಾಂಶಕ್ಕೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಪಾಠವನ್ನು ‘ಫ್ರೀಜ್’ ಮಾಡಿಟ್ಟರೆ ನಡುವೆ ನಿಂತ ಕೋಡ್ ಅದರ ಒಂದಕ್ಷರವನ್ನೂ ಬದಲಿಸಿ ತೋರಿಸಲಾರದು. ಫ್ರೀಜ್ ಮೇಲ್ಪದರಕ್ಕಷ್ಟೇ ತಾಗುತ್ತದೆ. ಪಾಠವನ್ನು ಸಾಲುಗಳ ಪಟ್ಟಿಯಾಗಿಟ್ಟಿದ್ದರೆ ಆ ಪಟ್ಟಿಯನ್ನೂ ಫ್ರೀಜ್ ಮಾಡಬೇಕು.

ಬೇಲೂರು, 1117

ವಿಷ್ಣುವರ್ಧನ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ಶಾಸನವನ್ನೇ ತೆಗೆದುಕೊಳ್ಳೋಣ. ಕಾಲ ಶಕ 1039, ಹೇಮಲಂಬಿ ಸಂವತ್ಸರ, ಚೈತ್ರ. ಪಟ್ಟಿ ತೆರೆದಾಗ ಇದರ ಸ್ಥಳ ಮತ್ತು ಸಂಖ್ಯೆ ಸಾಕು, ಪಾಠ ಬೇಡ. ತೊಡಕು ಇಲ್ಲೇ ಶುರುವಾಗುತ್ತದೆ. ಪಾಠ ಇನ್ನೂ ಬಂದಿಲ್ಲ ಎಂದರೆ ಬಿಗಿಯಲು ಏನೂ ಇಲ್ಲ. ಮೂಲದಲ್ಲಿ ಇಲ್ಲದ ಗುಣವನ್ನು ‘ಬಿಗಿದದ್ದು’ ಎಂದು ಪ್ರಾಕ್ಸಿ ವರದಿ ಮಾಡುವುದನ್ನೂ ಭಾಷೆ ಒಪ್ಪುವುದಿಲ್ಲ.

ಪರಿಹಾರ ನೆರಳು ಆಬ್ಜೆಕ್ಟ್. ಪ್ರಾಕ್ಸಿಯ ಹಿಂದೆ ಖಾಲಿ ಆಬ್ಜೆಕ್ಟೊಂದನ್ನು ಇಡಬೇಕು. ‘ಓದು’ ಎಂಬ ವಿಧಾನವನ್ನು ಕರೆದಾಗ ಪಾಠ ಬಂದು ನೆರಳಿಗೆ ಸೇರುತ್ತದೆ, ಆಮೇಲೆ ನೆರಳನ್ನು ಫ್ರೀಜ್ ಮಾಡಲಾಗುತ್ತದೆ. ಸಡಿಲದಿಂದ ಬಿಗಿಗೆ ಹೋಗಬಹುದು, ಬಿಗಿಯಿಂದ ಸಡಿಲಕ್ಕೆ ಬರುವಂತಿಲ್ಲ. ಗೆಟ್ ಟ್ರ್ಯಾಪ್ ನೆಟ್‌ವರ್ಕಿಗಾಗಿ ಕಾಯಲಾರದು. ಆದ್ದರಿಂದ ‘ಓದು’ ಪ್ರಾಮಿಸ್ ಕೊಡಬೇಕು. ಪಾಠ ಬರುವ ಮುನ್ನ ಅದನ್ನು ಕೇಳಿದವರಿಗೆ ಖಾಲಿ ಬೆಲೆಯ ಬದಲು ಸ್ಪಷ್ಟ ದೋಷಸೂಚನೆ ಸಿಗಬೇಕು, ಏಕೆಂದರೆ ಖಾಲಿ ಪಾಠವನ್ನು ಅಳಿಸಿಹೋದ ಶಾಸನವೆಂದು ಓದುಗ ತಿಳಿಯಬಹುದು.

‘ಕ್ರಿ.ಶ. 1117’ ನಮ್ಮ ಲೆಕ್ಕ, ಕಲ್ಲಿನ ಮಾತಲ್ಲ. ಫ್ರೀಜ್ ಆದ ನೆರಳಿನಲ್ಲಿ ಇಲ್ಲದ ಗುಣಕ್ಕೂ ಗೆಟ್ ಟ್ರ್ಯಾಪ್ ಏನನ್ನಾದರೂ ಹಿಂತಿರುಗಿಸಬಹುದು, ಭಾಷೆ ತಡೆಯುವುದಿಲ್ಲ. ಅದೇ ಗುಣವನ್ನು ‘ಇದೆ’ ಎನ್ನಲು ಹ್ಯಾಸ್ ಟ್ರ್ಯಾಪ್‌ಗೂ ತಡೆಯಿಲ್ಲ. ಹಾಗಾಗಿ ಸಂಪಾದಕರ ಲೆಕ್ಕ, ಊಹೆ, ತಿದ್ದುಪಡಿಗಳನ್ನು ‘ಟಿಪ್ಪಣಿ’ ಎಂಬ ಬೇರೆ ಆಬ್ಜೆಕ್ಟಿನಲ್ಲಿಡುವುದೇ ಸರಿ.

ಗುರುತಿನ ಪ್ರಶ್ನೆ

ಪ್ರಾಕ್ಸಿ ಮತ್ತು ಮೂಲ ಎಂದೂ ಸಮವಲ್ಲ. ಒಂದೇ ಮೂಲಕ್ಕೆ ಎರಡು ಪ್ರಾಕ್ಸಿ ಮಾಡಿದರೆ ಅವೂ ಬೇರೆಬೇರೆ. ರೈಸ್ ಸಂಖ್ಯೆಯಿಂದ ಒಂದು, ಪರಿಷ್ಕೃತ ಸಂಖ್ಯೆಯಿಂದ ಇನ್ನೊಂದು ಹುಟ್ಟಿದರೆ ಎಣಿಕೆಯಲ್ಲಿ ಒಂದು ಕಲ್ಲು ಎರಡಾಗುತ್ತದೆ. ಎರಡೂ ಸಂಖ್ಯೆಗಳು ಒಂದೇ ಮೂಲಕ್ಕೆ ತೋರಬೇಕು, ಮೂಲದಿಂದ ಪ್ರಾಕ್ಸಿಗೆ ಒಂದು ವೀಕ್‌ಮ್ಯಾಪ್ ಇರಬೇಕು. ಆಗ ಕಲ್ಲಿಗೊಂದೇ ಪ್ರಾಕ್ಸಿ. ಎರಡು ಆವೃತ್ತಿಗಳ ಪಾಠಗಳು ಅದರೊಳಗೆ ಬೇರೆಬೇರೆಯಾಗಿಯೇ ಉಳಿಯುತ್ತವೆ.

ಸ್ಥಳದ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕಟ್ಟಿಸಿದ್ದನ್ನು ಹೇಳುವ 1121ರ ಶಾಸನ ಸಿಕ್ಕಿದ್ದು ದೇವಾಲಯದಲ್ಲಲ್ಲ, ಅಲ್ಲಿಂದ ಸುಮಾರು 5 ಕಿ.ಮೀ. ದೂರದ ಘಟ್ಟದಹಳ್ಳಿಯಲ್ಲಿ. ‘ಸಿಕ್ಕ ಸ್ಥಳ’ ಮತ್ತು ‘ಹೇಳುವ ಸ್ಥಳ’ ಎರಡು ಗುಣಗಳಾಗಿರಬೇಕು. ಒಂದು ಖಾಲಿಯಿದ್ದರೆ ಇನ್ನೊಂದರಿಂದ ತುಂಬುವ ಸೌಜನ್ಯವನ್ನು ಪ್ರಾಕ್ಸಿ ತೋರಬಾರದು.

ಜಾರುವ ಜಾಗಗಳು

ಮ್ಯಾಪ್, ಡೇಟ್‌ಗಳಿಗೆ ಒಳಗಿನ ಗುಪ್ತ ಜಾಗಗಳಿವೆ, ಪ್ರಾಕ್ಸಿಗೆ ಅವಿಲ್ಲ. ಅವುಗಳ ವಿಧಾನಗಳನ್ನು ಪ್ರಾಕ್ಸಿಯ ಮೇಲೆ ನೇರ ಕರೆದರೆ ದೋಷ ಬರುತ್ತದೆ. ವಿಧಾನವನ್ನು ಮೂಲಕ್ಕೆ ಬೈಂಡ್ ಮಾಡಿ ಕೊಡಬೇಕು. ಯಾವ ಹೆಸರು ಕೇಳಿದರೂ ಫಂಕ್ಷನ್ ಕೊಡುವ ಪ್ರಾಕ್ಸಿಯ ಮುಂದೆ ‘ಅವೇಟ್’ ಬರೆದರೆ, ಭಾಷೆ ಅದರಲ್ಲಿ ‘ದೆನ್’ ಹುಡುಕಿ, ಸಿಕ್ಕಿತೆಂದು ಪ್ರಾಮಿಸ್‌ನಂತೆ ನಡೆಸಿಕೊಳ್ಳುತ್ತದೆ. ಕಾಯುವಿಕೆ ಮುಗಿಯದೇ ಹೋಗಬಹುದು. ಗೊತ್ತಿರುವ ಹೆಸರುಗಳಿಗಷ್ಟೇ ಉತ್ತರಿಸಬೇಕು.

ಪೈಥಾನಿನಲ್ಲಿ ತೊಡಕಿನ ರೂಪ ಬೇರೆ. ಸಿಗದ ಗುಣಗಳನ್ನು ಹಿಡಿಯುವ ‘ಗೆಟ್‌ಆಟ್ರ್’ ವಿಧಾನ ಬರೆದರೂ, ‘ಲೆನ್’ ಕರೆದಾಗ ಭಾಷೆ ನೇರ ಕ್ಲಾಸಿನಲ್ಲಿ ಹುಡುಕುತ್ತದೆ. ಅಂಥ ವಿಶೇಷ ವಿಧಾನಗಳನ್ನು ಕ್ಲಾಸಿನಲ್ಲೇ ಒಂದೊಂದಾಗಿ ಬರೆಯಬೇಕು. ರೂಬಿಯಲ್ಲಿ ‘ಮೆಥಡ್ ಮಿಸ್ಸಿಂಗ್’ ತನಕ ಕರೆ ತಲುಪಬೇಕಾದರೆ, ಆನುವಂಶಿಕ ವಿಧಾನಗಳು ಕಡಿಮೆಯಿರುವ ‘ಬೇಸಿಕ್‌ಆಬ್ಜೆಕ್ಟ್’ನಿಂದ ಹೊರಡುವುದು ಮೇಲು.

ನಿಲುವು

ಮೂಲಕ್ಕೂ ತನಗೂ ವ್ಯತ್ಯಾಸವೇ ಕಾಣದಂತೆ ನಿಲ್ಲುವುದು ಪ್ರಾಕ್ಸಿಯ ಹೆಚ್ಚುಗಾರಿಕೆ ಎಂಬ ಅಭಿಪ್ರಾಯವಿದೆ. ಶಾಸನಗಳಿಗೆ ಅದು ಸಲ್ಲದು. ಪಾಠದ ವಿಷಯದಲ್ಲಿ ಪ್ರಾಕ್ಸಿ ಮೂಲಕ್ಕೆ ಪೂರ್ತಿ ಬದ್ಧವಾಗಿರಬೇಕು. ಉಳಿದೆಡೆ ಬಾರದ್ದನ್ನು ಬಂದಿಲ್ಲವೆಂದು, ಸಂಪಾದಕರು ಸೇರಿಸಿದ್ದನ್ನು ಸೇರಿಸಿದ್ದೆಂದು ಬಾಯಿಬಿಟ್ಟು ಹೇಳಬೇಕು. ಅರಸೀಕೆರೆಯ ಶಾಸನಗಳನ್ನು ಏರಿಸಲು ಹೊರಟವರು ಕೋಡ್ ಬರೆಯುವ ಮೊದಲೇ ಯಾವ ಗುಣಗಳನ್ನು ಫ್ರೀಜ್ ಮಾಡಬೇಕು, ಯಾವುವು ಟಿಪ್ಪಣಿಗೆ ಸೇರಬೇಕು ಎಂಬ ಪಟ್ಟಿಯನ್ನು ಶಾಸನತಜ್ಞರ ಜೊತೆ ಕುಳಿತು ಸಿದ್ಧಪಡಿಸಿಕೊಳ್ಳಬೇಕು. ಟ್ರ್ಯಾಪ್‌ಗಳು ಆ ಪಟ್ಟಿಯನ್ನು ಅನುಸರಿಸಿ ಬರಲಿ.