ಗಂಡ ಹೆಂಡ್ತಿ ಸೇರಿ ಅಂಗಡಿ ನಡೆಸ್ತಿದ್ದೀರಾ? ಐಟಿ ರಿಟರ್ನ್ ಯಾರ ಹೆಸರಲ್ಲಿ?

ಪುಣಜನೂರು: ಸತ್ಯಮಂಗಲ ರಸ್ತೆಯ ಈ ಚೆಕ್‌ಪೋಸ್ಟ್ ಊರಿನಂಥ ಕಡೆ ಟೀ ಅಂಗಡಿ, ಹೋಟೆಲ್, ಕಿರಾಣಿ ಅಂದ್ರೆ ಗಂಡ ಹೆಂಡತಿ ಇಬ್ಬರ ದುಡಿಮೆ. ಲೈಸೆನ್ಸ್ ಮಾತ್ರ ಒಬ್ಬರ ಹೆಸರಲ್ಲಿ. ಹಾಗಾದರೆ ಆದಾಯ ತೆರಿಗೆ ರಿಟರ್ನ್?

ಅಮೆರಿಕದಲ್ಲಿ ದಂಪತಿ ಜಂಟಿಯಾಗಿ ಒಂದೇ ರಿಟರ್ನ್ ಹಾಕಬಹುದು. ನಮ್ಮಲ್ಲಿ ಅದಿಲ್ಲ. ಒಂದು ಪ್ಯಾನ್‌ಗೆ ಒಂದು ರಿಟರ್ನ್. ಒಬ್ಬರ ವ್ಯಾಪಾರದ ಲಾಭವನ್ನು ಇಬ್ಬರಿಗೂ ಅರ್ಧರ್ಧ ತೋರಿಸೋಕೂ ಬರಲ್ಲ.

ಸಣ್ಣ ಅಂಗಡಿಯವರಿಗೆ ಇದರಿಂದ ನಷ್ಟವೇನಿಲ್ಲ. 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ.ವರೆಗೆ ತೆರಿಗೆ ಸೊನ್ನೆ. ಇದು ಲಾಭದ ಲೆಕ್ಕ, ವಹಿವಾಟಿನದ್ದಲ್ಲ. ಆದರೆ ಆದಾಯ ಮೂಲ ವಿನಾಯಿತಿ ಮಿತಿ ದಾಟಿದರೆ ರಿಟರ್ನ್ ಹಾಕಲೇಬೇಕು.

‘ಪಾಲುದಾರಿಕೆ ಪತ್ರ ಮಾಡಿಸಿಬಿಡಿ’ ಅನ್ನೋರೂ ಇದ್ದಾರೆ. ದುಡುಕಬೇಡಿ. ಪಾಲುದಾರಿಕೆ ಸಂಸ್ಥೆಗೆ 12 ಲಕ್ಷದ ವಿನಾಯಿತಿ ಇಲ್ಲ, ಮೊದಲ ರೂಪಾಯಿಯಿಂದಲೇ ಸೆಸ್ ಸೇರಿ ಶೇ 31.2 ತೆರಿಗೆ. ಲಾಭ 9 ಲಕ್ಷ ಅಂದುಕೊಳ್ಳಿ. ಪಾಲುದಾರರ ಸಂಬಳ ಅಂತ ಹೆಚ್ಚೆಂದರೆ 7.20 ಲಕ್ಷ ಕಳೆಯಬಹುದು. ಉಳಿದ 1.80 ಲಕ್ಷಕ್ಕೆ 56,160 ರೂ. ತೆರಿಗೆ. ಅದೇ ಅಂಗಡಿ ಒಬ್ಬರ ಹೆಸರಲ್ಲಿದ್ದರೆ ಏನೂ ಇಲ್ಲ! ಶೇ 8ರ ಅಂದಾಜು ಲಾಭದ 44ಎಡಿ ಲೆಕ್ಕ ಹಿಡಿದರೆ ಸಂಸ್ಥೆಗೆ ಆ ಸಂಬಳವನ್ನೂ ಕಳೆಯೋಕೆ ಆಗಲ್ಲ.

ಹೆಂಡತಿಗೆ ಸಂಬಳ ಕೊಟ್ಟಂತೆ ತೋರಿಸಿದರೆ? ಅಲ್ಲೇ ಸಿಕ್ಕಿಬೀಳೋದು. ಕಲಂ 64ರ ಪ್ರಕಾರ ಆ ಸಂಬಳ ಗಂಡನ ಆದಾಯಕ್ಕೇ ಸೇರುತ್ತೆ. ಆಕೆಗೆ ತಾಂತ್ರಿಕ ಅಥವಾ ವೃತ್ತಿ ಅರ್ಹತೆ ಇದ್ದು, ಅದರಿಂದಲೇ ಬಂದ ಸಂಬಳವಾದರೆ ಮಾತ್ರ ಬಿಡುತ್ತೆ. ಗಂಡ ಹೆಂಡತಿ ಅದಲುಬದಲಾದರೂ ಇದೇ ನಿಯಮ.

ಆಕೆಯದೇ ಬೇರೆ ವ್ಯಾಪಾರ, ಉದಾಹರಣೆಗೆ ಟೈಲರಿಂಗ್ ಇದ್ದರೆ ಬೇರೆ ರಿಟರ್ನ್, ಬೇರೆ 12 ಲಕ್ಷ. ಬಂಡವಾಳ ಮಾತ್ರ ಗಂಡ ಸುಮ್ಮನೆ ಕೊಟ್ಟಿದ್ದಾಗಿರಬಾರದು. ಹಾಗೆ ಕೊಟ್ಟರೆ ಆ ದುಡ್ಡಿನ ಪಾಲಿನ ಲಾಭ ಮತ್ತೆ ಗಂಡನ ಲೆಕ್ಕಕ್ಕೇ. ತವರಿನ ಹಣ, ಸಂಘದ ಸಾಲ, ಬ್ಯಾಂಕ್ ಸಾಲವಾದರೆ ತೊಂದರೆಯಿಲ್ಲ. ಗಂಡನೇ ಬಡ್ಡಿಗೆ ಸಾಲ ಕೊಡೋದಾದರೆ ಬರಹದಲ್ಲಿರಲಿ, ಹಣ ಬ್ಯಾಂಕ್ ಮೂಲಕವೇ ಹೋಗಲಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಕೊಟ್ಟ ಜಿಎಸ್‌ಟಿ ನೋಟಿಸ್‌ಗಳ ನೆನಪು ವ್ಯಾಪಾರಿಗಳಿಗೆ ಇನ್ನೂ ಇದೆ. ಒಂದೇ ಅಂಗಡಿಗೆ ಇಬ್ಬರ ಕ್ಯೂಆರ್ ಕೋಡ್ ಹಾಕಿದ ಮಾತ್ರಕ್ಕೆ ವ್ಯಾಪಾರ ಎರಡಾಗಲ್ಲ. ನೋಂದಣಿ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು.

ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಕಲಂ ಸಂಖ್ಯೆಗಳು ಬೇರೆ, ಆಡಿಟರ್ ಹತ್ತಿರ ಹೋದಾಗ ಹೊಸದನ್ನೇ ಕೇಳಿ.