ಗುಬ್ಬಿಯ ಚರ್ಚು, ನಮ್ಮ ಕೇರಿ, 1950ರ ಆದೇಶ



ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಸಭೆಗಳಿಗೆ ಹೋದಾಗಲೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ: "ಕ್ರಿಶ್ಚಿಯನ್ ಆದೋರು ಎಸ್ಸಿ ಹೆಂಗಾಗ್ತಾರೆ ಅಣ್ಣ?" ಕೇಳೋರು ನಮ್ಮೋರೇ. ಅದಕ್ಕೇ ಈ ಉದ್ದದ ಪೋಸ್ಟು.

1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಶುರುಮಾಡಿದರು. ಬೆಂಗಳೂರಿನಲ್ಲಾದರೆ ದಂಡು ಇತ್ತು, ದೊರೆಗಳಿದ್ದರು. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಪ್ರೆಸ್ಬಿಟೇರಿಯನ್ ಚರ್ಚು ಎದ್ದಿದ್ದೇ ಸ್ಕಾಟ್ಲೆಂಡಿನವರಿಗಾಗಿ. ಗುಬ್ಬಿ ಹಾಗಲ್ಲ, ಅಡಿಕೆ ವ್ಯಾಪಾರದ ಪೇಟೆ. ಅಲ್ಲಿ ಕನ್ನಡ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 1839ರಲ್ಲಿ ಬಂದ ವಿಲಿಯಂ ಆರ್ಥರ್ ಎರಡೇ ವರ್ಷಕ್ಕೆ ಆರೋಗ್ಯ ಕೆಟ್ಟು ವಾಪಸ್ ಹೋದರು, 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಪುಸ್ತಕ ತಂದರು. ಹಾಡ್ಸನ್ 1877ರಲ್ಲಿ 'ಓಲ್ಡ್ ಡೇನಿಯಲ್' ಪ್ರಕಟಿಸಿದರು. ಗುಬ್ಬಿ ಸೀಮೆಯಲ್ಲಿ ಕ್ರೈಸ್ತನಾದ ಒಬ್ಬ ಹಿರಿಯನ ಜೀವನಚರಿತ್ರೆ ಅದು. ಹಳ್ಳಿಯವನೊಬ್ಬನ ಬದುಕು ಪುಸ್ತಕವಾಯಿತು ನಿಜ, ಆದರೆ ಇಂಗ್ಲಿಷಿನಲ್ಲಿ, ಸೀಮೆಯಾಚೆಯ ಓದುಗರಿಗೆ.

ಮೊದಲ ದಶಕಗಳಲ್ಲಿ ಸೇರಿದವರು ಬೆರಳೆಣಿಕೆ ಮಂದಿ. ಆಮೇಲೆ ಧಾತು-ಈಶ್ವರದ ಬರ, 1876–78. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ 50 ಲಕ್ಷ ಜನ, 1881ಕ್ಕೆ ಸುಮಾರು 42 ಲಕ್ಷ. ಜಮೀನಿಲ್ಲದ ಕೂಲಿಯವರು ಮೊದಲು ಸತ್ತರು. ಮಿಷನ್ನುಗಳು ಅನಾಥ ಮಕ್ಕಳನ್ನು ಎತ್ತಿಕೊಂಡು ಸಾಕಿದವು. "ಅಕ್ಕಿಗೆ ಮತ ಮಾರ್ಕೊಂಡ್ರು" ಅಂತ ಈಗಲೂ ಹಂಗಿಸ್ತಾರಲ್ಲ, ಆ ಮಕ್ಕಳನ್ನ ಎತ್ಕೊಳ್ಳೋಕೆ ಊರೊಳಗಿಂದ ಎಷ್ಟು ಜನ ಕೇರಿಗೆ ಬಂದಿದ್ರು ಅಂತ ಅವರೇ ಹೇಳಲಿ.

ಹಾಗಂತ ಚರ್ಚನ್ನೂ ಬಿಡೋ ಹಾಗಿಲ್ಲ. ಹೆಸರು ಬದಲಾಯಿತು, ಮನೆ ಅದೇ ಕೇರಿಯಲ್ಲೇ ಉಳಿಯಿತು. ಮದುವೆ ಸಂಬಂಧ ಬಂದಾಗ ಸಭೆಯವರೇ ಮೆಲ್ಲಗೆ ಜಾತಿ ವಿಚಾರಿಸೋದನ್ನ ನಾನೇ ಕೇಳಿದೀನಿ.

1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರನ್ನು ಒಳಗೊಂಡ ಐಕ್ಯ ಸಭೆ ಎಲ್ಲ ಸೇರಿ ಸಿ.ಎಸ್.ಐ. ಆಯಿತು. ಇಂಗ್ಲೆಂಡು, ಸ್ಕಾಟ್ಲೆಂಡಿನ ಜಗಳಗಳು ಒಂದೇ ಸೂರಿನಡಿ ಬಂದವು. ಮೂರು ವರ್ಷ ಆಗಿತ್ತೋ ಇಲ್ಲವೋ, 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶ ಬಂತು. ಅದರ 3ನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು.

ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲೀತಿದ್ದ ಸೂಸೈ, ಎಸ್ಸಿ ಚಮ್ಮಾರರಿಗೆ ಕೊಟ್ಟ ಪೆಟ್ಟಿಗೆ ಅಂಗಡಿ ತನಗೂ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಕೋರ್ಟು ಹೇಳಿದ್ದು: ಮತಾಂತರದ ನಂತರವೂ ಅಷ್ಟೇ ಅವಮಾನ ಇದೆ ಅಂತ ಸಾಬೀತುಮಾಡಿ. ಅದೇ ಬೀದಿ, ಅದೇ ಉಳಿ, ಅದೇ ಚರ್ಮ. ಇನ್ನೇನು ಸಾಬೀತು ಬೇಕಿತ್ತೋ!

2007ರಲ್ಲಿ ರಂಗನಾಥ ಮಿಶ್ರಾ ಆಯೋಗ 3ನೇ ಪ್ಯಾರಾ ತೆಗೆಯಿರಿ ಎಂದಿತು. ತೆಗೆಯಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ. ಈ ನಡುವೆ ಮಕ್ಕಳಿಗೆ ಶಾಲೆಗೊಂದು ಹೆಸರು, ಚರ್ಚಿಗೊಂದು ಹೆಸರು. ಇದನ್ನು ಮೋಸ ಅನ್ನೋರು ಆ 3ನೇ ಪ್ಯಾರಾವನ್ನ ಒಮ್ಮೆ ಓದಲಿ.

ಗುಬ್ಬಿ, ಕುಣಿಗಲ್, ತುಮಕೂರಿನ ಹಳೇ ಕುಟುಂಬದವರು ಇದ್ರೆ ಒಂದು ವಿನಂತಿ. ಅಜ್ಜಿ-ತಾತಂದಿರ ಜ್ಞಾನಸ್ನಾನದ ಚೀಟಿ, ಮಿಷನ್ ಶಾಲೆಯ ಫೋಟೋ, ಸಮಾಧಿ ಕಲ್ಲಿನ ಬರಹ ಏನಿದ್ರೂ ಮೊಬೈಲಲ್ಲಿ ತೆಗೆದು ಇಟ್ಕೊಳ್ಳಿ. ಮನೇಲಿ ವಯಸ್ಸಾದೋರು ಇದ್ರೆ ಈ ಭಾನುವಾರವೇ ಕೂತು ಹಳೇ ಹೆಸರು ಕೇಳಿ ಬರ್ಕೊಳ್ಳಿ.